ಇಡೊನಿಯ ಬಿಡುಗಡೆ ಪತ್ರ

ಹೇಮೊ ಬೇಲಿ ಹಾರಿ ಬಂದಾಗ ಅವನ ಒಂದು ಹುಬ್ಬು ಅರ್ಧ ಸುಟ್ಟಿತ್ತು. ಮುಖದ ತುಂಬ ಮಸಿ, ಮಸಿಯ ನಡುವೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಇಡೊನಿ ಹಿತ್ತಲಿನಲ್ಲಿ ಬಾರ್ಲಿ ಬೇಯಿಸಿ ಏಲ್ ಎಂಬ ಮದ್ಯ ಇಳಿಸುತ್ತಿದ್ದಳು. ಅವನನ್ನು ಕಂಡದ್ದೇ ಅವಳ ಎದೆ ಹಗುರಾಯಿತು. ಬೆಳಗ್ಗೆಯಿಂದ ಮಠದ ಕಡೆ ಹೊಗೆ ಏಳುತ್ತಲೇ ಇತ್ತು. ಅಲ್ಲಿಗೆ ನುಗ್ಗಿ ಹೋದ ಗಂಡಸರಲ್ಲಿ ಎಷ್ಟು ಜನ ವಾಪಸು ಬರುತ್ತಾರೋ ಎಂದು ಆಲ್ಡರ್‌ಮಿಯರ್ ಊರೆಲ್ಲ ಕೆಲಸ ಬಿಟ್ಟು ಕೂತಿತ್ತು.

"ಮುಗೀತು ಕಣೆ," ಎಂದ ಹೇಮೊ, ಏದುಸಿರು ಬಿಡುತ್ತ. "ಮಠದ ಪೆಟ್ಟಿಗೆ ಒಡೆದ್ವಿ. ಯಾರು ಯಾರ ಜೀತದವರು ಅಂತ ಬರೆದಿಟ್ಟಿದ್ದ ಸುರುಳಿ ಒಂದೂ ಉಳಿದಿಲ್ಲ. ಇವತ್ತಿಂದ ಈ ಊರಲ್ಲಿ ಯಾರೂ ಯಾರ ಆಳೂ ಅಲ್ಲ."

ಅವಳ ಬಾಯಿಯವರೆಗೆ ಬಂದ ನಗು ಅಲ್ಲೇ ನಿಂತಿತು. "ಯಾವ ಪೆಟ್ಟಿಗೆ?"

"ಕಬ್ಬಿಣದ ಪಟ್ಟಿ ಹೊಡೆದಿದ್ದು. ಪೂಜೆಯ ಪೀಠದ ಹಿಂದೆ ಇತ್ತಲ್ಲ, ಅದೇ."

"ಅದರಲ್ಲಿ ಅಂಗೈ ಅಗಲದ್ದು ಒಂದು ಪತ್ರ ಇತ್ತಾ? ಹಸಿರು ಅರಗಿನ ಮುದ್ರೆ ಇದ್ದಿದ್ದು?"

"ಮುದ್ರೆ ಮೇಲೆ ಮೀನು ಇತ್ತಲ್ಲ, ಅದಾ? ನಾನೇ ಹಾಕಿದೆ ಬೆಂಕಿಗೆ. ಮೀನು ನೋಡಿ ನಗು ಬಂತು. ಅರಗು ಚೆನ್ನಾಗಿ ಉರೀತು."

ಇಡೊನಿ ಆರಲು ಇಟ್ಟಿದ್ದ ತೊಟ್ಟಿಯಿಂದ ಸೌಟು ತುಂಬ ಏಲ್ ಮೊಗೆದು ಅವನ ಮುಖಕ್ಕೆ ಎರಚಿದಳು. ಇನ್ನೊಂದು ಸೌಟು ಮೊಗೆದು ಅದನ್ನೂ ಎರಚಿದಳು.

"ಅದು ನಮ್ಮಜ್ಜನ ಬಿಡುಗಡೆ ಪತ್ರ ಕಣೋ," ಎಂದಳು. "ನಾನು ಜೀತದವಳಲ್ಲ ಅನ್ನೋದಕ್ಕೆ ಈ ಲೋಕದಲ್ಲಿ ಇದ್ದಿದ್ದು ಅದೊಂದೇ. ಊರಿಗೆಲ್ಲ ಬಿಡುಗಡೆ ಕೊಡ್ತೀನಿ ಅಂತ ಹೋದೆ, ಬಿಡುಗಡೆ ಇದ್ದ ಒಬ್ಬಳನ್ನ ಸುಟ್ಟು ಬಂದೆ."

ಹೇಮೊನ ಗಡ್ಡದಿಂದ ಏಲ್ ತೊಟ್ಟಿಕ್ಕುತ್ತಿತ್ತು. ಅವನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆ ದಿನ ಮಠಕ್ಕೆ ನುಗ್ಗಿದ ಇನ್ನೂರು ಜನರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬರೆದದ್ದೆಲ್ಲ ತಮ್ಮನ್ನು ಕಟ್ಟಿಹಾಕಲಿಕ್ಕೇ ಇರುವುದು ಎಂದು ಅವರು ನಂಬಿದ್ದರು. ನಂಬಿಕೆ ಬಹುಮಟ್ಟಿಗೆ ಸರಿಯಾಗಿಯೇ ಇತ್ತು.

ಆ ಪತ್ರದ ಕಥೆ ಇಷ್ಟೇ. ಹಿಂದೆ ಇದ್ದ ಹಿರಿಯ ಸ್ವಾಮಿಯೊಬ್ಬ ಪ್ರವಾಹದಲ್ಲಿ ಕುದುರೆ ಸಮೇತ ಕೊಚ್ಚಿಹೋಗುವಾಗ ಇಡೊನಿಯ ಅಜ್ಜ ನೀರಿಗೆ ಹಾರಿ ಅವನನ್ನು ಎಳೆದು ತಂದಿದ್ದ. ಅದಕ್ಕೆ ಅಜ್ಜನಿಗೂ ಅವನ ಸಂತಾನಕ್ಕೂ ಜೀತದಿಂದ ಬಿಡುಗಡೆ ಸಿಕ್ಕಿತು. ಹುಲ್ಲಿನ ಮನೆ, ಯಾವಾಗ ಬೇಕಾದರೂ ಬೆಂಕಿ ಬಿದ್ದೀತು ಎಂದು ಅಪ್ಪ ಪತ್ರವನ್ನು ಮಠದ ಪೆಟ್ಟಿಗೆಯಲ್ಲೇ ಭದ್ರವಾಗಿ ಇಡಿಸಿದ್ದ. ಆ ಮಠವನ್ನು ನಂಬಿದ್ದಕ್ಕೆ ಇಡೊನಿಗೆ ಈಗ ಸತ್ತ ಅಪ್ಪನ ಮೇಲೂ ಸಿಟ್ಟು ಬಂತು.

"ನೀನು ಹೇಳಲೇ ಇಲ್ಲವಲ್ಲೇ," ಎಂದ ಹೇಮೊ ಮೆಲ್ಲಗೆ.

"ಏನಂತ ಹೇಳಬೇಕಿತ್ತು? ಊರೆಲ್ಲ ಜೀತ ಮಾಡೋವಾಗ ನಾನು ಅವರ ಹಾಗಲ್ಲ ಅಂತ ಮೆರೀಬೇಕಿತ್ತಾ? ನಡಿ ಆಚೆ."

ಅವನು ನಡೆದ. ಬೇಲಿಯ ಹತ್ತಿರ ಒಮ್ಮೆ ತಿರುಗಿ ನೋಡಿದ. ಕಳೆದ ವಸಂತದಲ್ಲಿ ಇವನೇ ಅವಳ ಮನೆಗೆ ಹೊಸ ಹುಲ್ಲು ಹೊದಿಸಿದ್ದು. ನಾಲ್ಕು ದಿನದ ಕೆಲಸವನ್ನು ಮೂರು ವಾರ ಎಳೆದಿದ್ದ. ಮಾಡಿನ ಮೇಲೆ ಕೂತು ಕೆಳಗೆ ಇಣುಕಿ, ಅವಳು ತಲೆ ಎತ್ತಿದರೆ ಹುಲ್ಲು ಸರಿಮಾಡುವವನಂತೆ ನಟಿಸುತ್ತಿದ್ದ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ದಿನಕ್ಕೆ ಹತ್ತು ಸಲ ಹಿತ್ತಲಿಗೆ ಬರುತ್ತಿದ್ದಳು. ಆ ಮೂರು ವಾರ ನೆನಪಾಗಿ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು.

ಅದು 1381ರ ಜೂನ್. ಇಂಗ್ಲೆಂಡಿನ ಸಫೋಕ್ ಸೀಮೆಯೆಲ್ಲ ಕೆರಳಿ ನಿಂತ ತಿಂಗಳು. ಲಂಡನ್ನಿನಲ್ಲಿ ದೊರೆ ಎಲ್ಲರಿಗೂ ಬಿಡುಗಡೆ ಎಂದು ಮಾತು ಕೊಟ್ಟನಂತೆ ಎಂದು ಒಂದು ವಾರ ಸುದ್ದಿ ಹಬ್ಬಿತು. ಕೊಟ್ಟ ಮಾತು ಹಿಂದಕ್ಕೆ ತಗೊಂಡನಂತೆ ಎಂದು ಮರುವಾರ ಇನ್ನೊಂದು ಸುದ್ದಿ ಬಂತು. ಅದರ ಬೆನ್ನಿಗೇ ದೊರೆಯ ಕುದುರೆ ಸವಾರರು ಬಂದರು. ಪಕ್ಕದ ಊರಿನ ಆಲದಂಥ ಓಕ್ ಮರಕ್ಕೆ ಏಳು ಜನರನ್ನು ನೇತುಹಾಕಿದರು. ಆಲ್ಡರ್‌ಮಿಯರ್‌ನವರು ಮಾತ್ರ, ಪೆಟ್ಟಿಗೆ ಒಡೆದವರು ಯಾರೋ ಬೇರೆ ಊರಿನವರು, ನಾವು ಹೊಲದಲ್ಲಿದ್ದೆವು ಎಂದು ಒಂದೇ ಬಾಯಲ್ಲಿ ಹೇಳಿದರು. ಬೆದರಿಸಿದರೂ ಅದನ್ನೇ ಹೇಳಿದರು.

ಸುಟ್ಟ ಸುರುಳಿಗಳನ್ನು ಮತ್ತೆ ಬರೆಯಲು ಮಠಕ್ಕೆ ಹೊಸ ಪಾರುಪತ್ಯಗಾರ ಬಂದ. ಫುಲ್ಕ್ ಅಂತ ಹೆಸರು, ನಾರ್ಫೋಕ್ ಕಡೆಯವನು. ಊರಿನ ಹನ್ನೆರಡು ಹಿರಿಯರನ್ನು ಕೂರಿಸಿ, ಪ್ರಮಾಣ ಮಾಡಿಸಿ, ಒಬ್ಬೊಬ್ಬರ ಹೆಸರನ್ನೂ ಹೊಸದಾಗಿ ಬರೆಸುತ್ತಾನೆ ಎಂದು ಸಾರಿದರು. ಆ ದಿನ ಜೀತದವಳು ಎಂದು ಬರೆಸಿಕೊಂಡರೆ ಇಡೊನಿಯ ಮಕ್ಕಳು ಮೊಮ್ಮಕ್ಕಳೂ ಜೀತದವರೇ.

ಅದರ ಹಿಂದಿನ ದಿನ ಮಧ್ಯಾಹ್ನ ಹೇಮೊ ಮತ್ತೆ ಬಂದ. ಈ ಸಲ ಬೇಲಿ ಹಾರಲಿಲ್ಲ, ಬಾಗಿಲಿನಿಂದಲೇ ಬಂದ. ತಲೆಗೆ ನೀರು ಹಾಕಿ ಬಾಚಿಕೊಂಡಿದ್ದ. ಅದನ್ನು ನೋಡಿಯೇ ಅವಳಿಗೆ ವಿಷಯ ತಿಳಿಯಿತು.

"ನಮ್ಮಪ್ಪ ಯಾರ ಆಳೂ ಆಗಿರಲಿಲ್ಲ, ನಾನು ಸ್ವತಂತ್ರ ಹುಟ್ಟಿದವನು," ಎಂದು ಶುರುಮಾಡಿದ. "ನನ್ನನ್ನ ಮದುವೆ ಆದರೆ ನೀನೂ ಹಾಗೇ ಆಗ್ತೀಯ. ಕಾನೂನೇ ಇದೆ."

"ನೀನು ಬದುಕಿರೋ ತನಕ."

"ಹೂಂ. ಅಲ್ಲಿ ತನಕ."

"ಅಂದ್ರೆ ನೀನು ಮಾಡಿನಿಂದ ಜಾರಿ ಬಿದ್ದ ದಿನ ನಾನು ಮತ್ತೆ ಮಠದ ಹಸು. ದಿನಾ ಬೆಳಗ್ಗೆ ನಿನಗೆ ಕೆಮ್ಮು ಬಂತಾ, ಜ್ವರ ಬಂತಾ ಅಂತ ನೋಡ್ತಾ ಕೂರಬೇಕು. ನನಗೆ ಬೇಕಾಗಿರೋದು ಗಂಡನ ಬಗಲಲ್ಲಿ ಎರವಲು ಬಿಡುಗಡೆ ಅಲ್ಲ ಹೇಮೊ. ನನ್ನದು ನನಗೆ ಬೇಕು."

"ಇಡೊನಿ, ನಾನು ಕೇಳಿದ್ದು ಬರೀ ಅದಕ್ಕಲ್ಲ."

"ಗೊತ್ತು. ಅದಕ್ಕೇ ಸಿಟ್ಟು. ಈ ಮಾತನ್ನ ಮಾಡಿನ ಮೇಲೆ ಕೂತಿದ್ದಾಗ ಕೇಳಿದ್ರೆ ನಾನು ಸೌಟು ಬಿಸಾಕಿ ಬರ್ತಿದ್ದೆ. ಈಗ ಹೂಂ ಅಂದ್ರೆ ನಿನ್ನ ಮೇಲಿನ ಆಸೆಗೆ ಅಂದ್ನೋ, ಹೆದರಿ ಅಂದ್ನೋ, ನನಗೇ ಗೊತ್ತಾಗಲ್ಲ. ಸಾಯೋ ತನಕ ಗೊತ್ತಾಗಲ್ಲ."

ಅವನು ತನ್ನ ಕೈಗಳನ್ನು ಉಜ್ಜಿಕೊಂಡ. ಹುಲ್ಲು ಕೊಯ್ದು ಕೊಯ್ದು ಬಿರಿದ ಕೈಗಳು. "ಹಾಗಾದ್ರೆ ನಾಳೆ ನಾನು ಸಾಕ್ಷಿ ಹೇಳ್ತೀನಿ. ಪತ್ರ ಇತ್ತು, ಹಸಿರು ಅರಗು, ಮೀನಿನ ಮುದ್ರೆ. ಕಣ್ಣಾರೆ ನೋಡಿದವನು ನಾನೊಬ್ಬನೇ."

"ಎಲ್ಲಿ ನೋಡಿದೆ ಅಂತ ಕೇಳ್ತಾರೆ."

"ಹೇಳ್ತೀನಿ."

"ನೇಣು ಹಾಕ್ತಾರೆ ಕಣೋ."

"ನನ್ನ ಕುತ್ತಿಗೆ ತಾನೆ."

ಇಡೊನಿ ಅವನ ಅಂಗಿಯ ಎದೆ ಹಿಡಿದು ಗೋಡೆಗೆ ದೂಡಿದಳು. ಇಷ್ಟು ಹತ್ತಿರ ಅವರಿಬ್ಬರೂ ಯಾವತ್ತೂ ನಿಂತಿರಲಿಲ್ಲ. ಸುಟ್ಟ ಹುಬ್ಬಿನಲ್ಲಿ ಹೊಸ ಕೂದಲು ಎಳೆಎಳೆಯಾಗಿ ಮೂಡಿರುವುದು ಕಾಣಿಸಿತು. ಅದನ್ನು ಬೆರಳಿನಿಂದ ಸವರಬೇಕೆನಿಸಿತು, ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಬಾಯಿ ಬಿಟ್ಟರೆ ನೋಡು," ಎಂದಳು. "ನೀನು ಸತ್ತು ಪುಣ್ಯವಂತ ಆಗ್ತೀಯ. ನಾನು ಆ ಬಿಡುಗಡೆ ಇಟ್ಕೊಂಡು ಏನು ಮಾಡಲಿ? ಹಾಸ್ಕೊಳ್ಳಲಾ, ಹೊದ್ಕೊಳ್ಳಲಾ?"

ಹೇಮೊ ಅವಳ ಕೈ ಬಿಡಿಸಿಕೊಂಡು ಹೊರಟ. ಹೊರಟ ರೀತಿ ನೋಡಿದರೆ, ಸಾಕ್ಷಿ ಹೇಳಿಯೇ ಹೇಳುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಮರುದಿನ ಬೆಳಗ್ಗೆ ಮಠದ ಕಣಜದಲ್ಲಿ ನ್ಯಾಯ ಸೇರಿತು. ಹನ್ನೆರಡು ಹಿರಿಯರು ಉದ್ದನೆಯ ಬೆಂಚುಗಳ ಮೇಲೆ ಕೂತಿದ್ದರು. ಅವರಿಗೆ ಮುಖ್ಯಸ್ಥ ಚಕ್ರ ಮಾಡುವ ಮುದುಕ ಓಸ್ಬರ್ಟ್. ಫುಲ್ಕ್ ಮೂಗಿಗೆ ಬಟ್ಟೆ ಹಿಡಿದುಕೊಂಡಿದ್ದ, ಈ ಜನರ ವಾಸನೆಯೇ ಆಗದು ಎನ್ನುವಂತೆ. ಈ ಜನ ಬೆಳೆದ ಗೋಧಿಯ ರೊಟ್ಟಿ ಮಾತ್ರ ಅವನಿಗೆ ಚೆನ್ನಾಗಿ ಆಗುತ್ತಿತ್ತು.

ಹೆಸರುಗಳು ಬಂದವು, ಹೋದವು. ಜೀತದವನು, ಜೀತದವಳು, ಜೀತದವನು. ಬರೆಯುವವನ ಗರಿ ಒಂದು ಕಡೆ ಮಾತ್ರ ತಡೆಯಿತು. ಕುರಿ ಕಾಯುವ ಪಿಯರ್ಸ್ ಮುಂದೆ ಬಂದಿದ್ದ.

"ತಂದೆ ಯಾರು?" ಎಂದ ಫುಲ್ಕ್.

"ಅವನ ತಾಯಿಗೆ ಮದುವೆ ಆಗಿರಲಿಲ್ಲ ಸ್ವಾಮಿ," ಎಂದ ಓಸ್ಬರ್ಟ್. "ತಂದೆ ಯಾರೋ ದೇವರಿಗೇ ಗೊತ್ತು."

ಫುಲ್ಕ್ ಮುಖ ಹುಳ್ಳಗೆ ಮಾಡಿದ. "ಹಾಗಾದ್ರೆ ಬಿಡು. ಜೀತ ಬರೋದು ತಂದೆ ಕಡೆಯಿಂದ. ತಂದೆಯೇ ಇಲ್ಲದವನನ್ನ ಜೀತದವನು ಅಂತ ಬರೆಯೋಕೆ ಕಾನೂನಿಲ್ಲ. ಹೆಸರು ಹೊಡೆದುಹಾಕು."

ಪಿಯರ್ಸ್‌ಗೆ ಏನಾಯಿತೆಂದೇ ತಿಳಿಯಲಿಲ್ಲ. ಇಡೊನಿಗೆ ತಿಳಿಯಿತು. ಅವಳ ಕಿವಿ ಬಿಸಿಯಾಯಿತು. ಅಮ್ಮ ಸತ್ತು ಎರಡು ವರ್ಷವಾಗಿತ್ತು. ನಡತೆಯಲ್ಲಿ ಊರಿಗೇ ಮಾದರಿ ಎನ್ನಿಸಿಕೊಂಡವಳು ಹಾವಿಸ್, ಭಾನುವಾರ ಮುಸುಕು ಅರ್ಧ ಬೆರಳು ಸರಿದರೂ ನಾಚುತ್ತಿದ್ದ ಹೆಂಗಸು. ಛೀ, ಇಂಥ ಯೋಚನೆ ಬಂದದ್ದಾದರೂ ಹೇಗೆ ಎಂದು ಇಡೊನಿ ತನ್ನನ್ನೇ ಬೈದುಕೊಂಡಳು.

"ಇಡೊನಿ, ರೋಜರನ ಮಗಳು. ಜೀತದವಳು," ಎಂದು ಬರೆಯುವವನು ಓದಿದ.

"ಅಲ್ಲ," ಎಂದಳು ಅವಳು ಎದ್ದು ನಿಂತು. "ನಮ್ಮಜ್ಜನಿಗೆ ಮಠದವರೇ ಬಿಡುಗಡೆ ಪತ್ರ ಕೊಟ್ಟಿದ್ರು. ಅದು ಇಲ್ಲೇ ಪೆಟ್ಟಿಗೆಯಲ್ಲಿತ್ತು."

"ಎಲ್ಲರೂ ಹಾಗೇ ಹೇಳ್ತಾರೆ. ಪೆಟ್ಟಿಗೆ ಸುಟ್ಟ ಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಪತ್ರ ಇತ್ತಂತೆ." ಫುಲ್ಕ್ ನಕ್ಕ. ನಗು ನಿಂತಾಗ ಅವನ ಕಣ್ಣು ಸಣ್ಣದಾಗಿತ್ತು. "ಇರಲಿ. ಆ ಪತ್ರ ಸುಟ್ಟಿದ್ದನ್ನ ಕಂಡವರು ಇಲ್ಲಿ ಯಾರಾದ್ರೂ ಇದ್ದೀರಾ? ಇದ್ದರೆ ಎದ್ದು ಹೇಳಬಹುದು. ನಾನು ಬೇಡ ಅನ್ನಲ್ಲ."

ಬಾಗಿಲ ಬಳಿ ಕಾವಲಿನವನು ಈಟಿಯನ್ನು ಬಲಗೈಗೆ ಬದಲಾಯಿಸಿಕೊಂಡ. ಹಿಂದಿನ ಸಾಲಿನಲ್ಲಿ ಹೇಮೊ ಎದ್ದ.

"ನಾನು—"

"ಅವನು ಕೂತ್ಕೊಳ್ಳಲಿ," ಎಂದು ಇಡೊನಿ ಕೂಗಿದಳು. "ಪತ್ರ ಗಿತ್ರ ಏನೂ ಇರಲಿಲ್ಲ. ನಾಚಿಕೆಗೆ ಸುಳ್ಳು ಹೇಳಿದೆ. ನಾನು ರೋಜರನ ಮಗಳೇ ಅಲ್ಲ. ನನಗೆ ಅಪ್ಪ ಇಲ್ಲ."

ಯಾರೋ ಹೆಂಗಸು ಹಾ ಎಂದಳು. ಹೇಮೊ ನಿಂತಲ್ಲೇ ನಿಂತುಬಿಟ್ಟ.

"ನಮ್ಮಮ್ಮ ಹಾವಿಸ್‌ಗೆ ಮದುವೆ ಆಗಿರಲಿಲ್ಲ. ಹೊಟ್ಟೆಯಲ್ಲಿ ನನ್ನನ್ನ ಇಟ್ಕೊಂಡು ಬಂದವಳನ್ನ ರೋಜರ್ ಸುಮ್ಮನೆ ಮನೇಲಿ ಇಟ್ಕೊಂಡಿದ್ದ. ನಾನು ಯಾರ ಮಗಳೂ ಅಲ್ಲ. ಬರ್ಕೊಳ್ಳಿ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಬಾಯಿ ಕಹಿಯಾಗಿತ್ತು. ಫುಲ್ಕ್ ಹನ್ನೆರಡು ಜನರ ಕಡೆ ತಿರುಗಿದ. "ನಿಮ್ಮ ಪ್ರಮಾಣದ ಮೇಲೆ ಹೇಳಿ. ಆ ಹೆಂಗಸಿಗೆ ಮದುವೆ ಆಗಿತ್ತೋ ಇಲ್ಲವೋ?"

ಹನ್ನೆರಡು ಜನರೂ ಆ ಮದುವೆಗೆ ಹೋಗಿದ್ದವರು. ಚರ್ಚಿನ ಬಾಗಿಲಲ್ಲಿ ನಿಂತು ಹೂವು ಎರಚಿದ್ದರು, ಹಂದಿ ಸುಟ್ಟು ತಿಂದು ಕುಣಿದಿದ್ದರು. ಆ ಮದುವೆ ಮಾಡಿಸಿದ ಪಾದ್ರಿ ಮಹಾಮಾರಿಯಲ್ಲಿ ಸತ್ತಿದ್ದ. ಎಲ್ಲಾದರೂ ಬರೆದಿಟ್ಟಿದ್ದರೆ ಅದೂ ಹೇಮೊನ ಬೆಂಕಿಯಲ್ಲಿ ಹೋಗಿತ್ತು. ಓಸ್ಬರ್ಟ್ ತನ್ನ ಗಂಟುಗಂಟಾದ ಬೆರಳುಗಳನ್ನು ನೋಡಿಕೊಂಡ. ಅವನು ಹಾವಿಸ್‌ಳ ಚಿಕ್ಕಪ್ಪ. ಮದುವೆಯ ದಿನ ಅವಳ ಕೈ ಹಿಡಿದು ಕರೆತಂದವನು.

"ಇಲ್ಲ ಸ್ವಾಮಿ," ಎಂದ. "ಅಂಥ ಮದುವೆ ಊಟ ಉಂಡ ನೆನಪು ನನಗಿಲ್ಲ. ಊಟ ಹಾಕಿದ್ರೆ ಮರೆಯೋ ಜನ ಅಲ್ಲ ನಾವು."

ಉಳಿದ ಹನ್ನೊಂದು ಜನ ಒಬ್ಬೊಬ್ಬರಾಗಿ ತಲೆಯಾಡಿಸಿದರು. ಒಬ್ಬರೂ ಇಡೊನಿಯ ಮುಖ ನೋಡಲಿಲ್ಲ.

ಫುಲ್ಕ್‌ಗೆ ನಂಬಿಕೆ ಬಂದಿರಲಿಲ್ಲ. ಆದರೆ ಹನ್ನೆರಡು ಜನರ ಪ್ರಮಾಣವನ್ನು ಅಲ್ಲಗಳೆದರೆ ಅವನು ಬೆಳಗ್ಗೆಯಿಂದ ಬರೆಸಿದ್ದೆಲ್ಲ ಬಿದ್ದುಹೋಗುತ್ತಿತ್ತು. "ಹೆಸರು ಹೊಡೆದುಹಾಕು," ಎಂದ ಹಲ್ಲು ಕಚ್ಚಿ. "ಇನ್ನೊಂದು. ರೋಜರನ ಮಗಳಲ್ಲದವಳಿಗೆ ರೋಜರನ ಮನೆ ಎಲ್ಲಿಂದ ಬಂತು? ಸಂಜೆಯೊಳಗೆ ಖಾಲಿ ಮಾಡು."

"ಮಾಡ್ತೀನಿ," ಎಂದಳು ಇಡೊನಿ.

ಖಾಲಿ ಮಾಡಲು ಹೆಚ್ಚೇನೂ ಇರಲಿಲ್ಲ. ಏಲ್ ಬೇಯಿಸುವ ಕೊಪ್ಪರಿಗೆ ಅವಳೇ ಮಾಡಿಸಿದ್ದು, ಅದನ್ನು ಬಿಡಲಿಲ್ಲ. ಹಿಡಿಗೆ ಹಗ್ಗ ಕಟ್ಟಿ ಇಪ್ಸ್‌ವಿಚ್ ದಾರಿಯಲ್ಲಿ ಎಳೆದುಕೊಂಡು ಹೊರಟಳು. ಹೋಗುವಾಗ ಅಮ್ಮನ ಗೋರಿಯ ಹತ್ತಿರ ನಿಂತಳು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಇಂಥ ಮಾತನ್ನು ಮಗಳ ಬಾಯಲ್ಲಿ ಆಡಿಸಿದ ಕಾನೂನಿಗೆ, ಮಠಕ್ಕೆ, ದೊರೆಗೆ ಹಿಡಿ ಹಿಡಿ ಶಾಪ ಹಾಕಿದಳು. ಆಮೇಲೆ ಅಲ್ಲೇ ಕೂತು ಅತ್ತಳು.

ಸೇತುವೆ ದಾಟುವಾಗ ಹಗ್ಗ ಹಗುರಾಯಿತು. ಹಿಂದೆ ಹೇಮೊ ಕೊಪ್ಪರಿಗೆ ಎತ್ತಿ ಹಿಡಿದಿದ್ದ. ಅವನ ಕಣ್ಣು ಕೆಂಪಾಗಿತ್ತು.

"ಯಾಕೆ ತಡೆದೆ ನನ್ನ?" ಎಂದ. "ನಾನು ಮಾಡಿದ ತಪ್ಪಿಗೆ ನಿಮ್ಮಮ್ಮ ಯಾಕೆ ದಂಡ ಕೊಡಬೇಕು? ನನಗೆ ಮರ್ಯಾದೆ ಇಲ್ವಾ?"

"ನಿನ್ನ ಮರ್ಯಾದೆಗೆ ನಾನು ಮುಂಡೆ ಆಗ್ಬೇಕಿತ್ತಾ?"

"ಮುಂಡೆ ಆಗೋಕೆ ಮದುವೆ ಆಗಿರಬೇಕು. ನೀನು ಬೇಡ ಅಂದಿದ್ದೆ."

"ಅಂದಿದ್ದೆ. ಆಗ ನನಗೆ ನಿನ್ನ ಅಗತ್ಯ ಇತ್ತು."

ಹೇಮೊಗೆ ಅರ್ಥವಾಗಲಿಲ್ಲ. ಅವಳು ಹಗ್ಗ ಕೆಳಗೆ ಹಾಕಿ ಅವನ ಎದುರಿಗೆ ಬಂದು ನಿಂತಳು. ಧೂಳು, ಬೆವರು, ಅತ್ತ ಕಣ್ಣು. ಆ ನಾಡಿನಲ್ಲಿ ಗಂಡು ಹೆಣ್ಣು ಒಬ್ಬರಿಗೊಬ್ಬರು ಬಾಯಿಬಿಟ್ಟು ಒಪ್ಪಿಗೆ ಹೇಳಿದರೆ ಅದೇ ಮದುವೆ. ಪಾದ್ರಿ ಬೇಕೆಂದಿಲ್ಲ, ಚರ್ಚಿನ ಬಾಗಿಲು ಬೇಕೆಂದಿಲ್ಲ.

"ಹೇಮೊ, ನಿನ್ನನ್ನ ನಾನು ಗಂಡ ಅಂತ ತಗೊಳ್ತಿದೀನಿ," ಎಂದಳು. "ಇವತ್ತು, ಈಗ. ನೀನು ಸತ್ತರೂ ನಾನು ಯಾರ ಆಳೂ ಆಗಲ್ಲ. ನನಗೆ ಈಗ ನಿನ್ನ ಅಗತ್ಯ ಒಂದಿಷ್ಟೂ ಇಲ್ಲ. ಅದಕ್ಕೇ ಕೇಳ್ತಿದೀನಿ."

ಅವನು ಕೊಪ್ಪರಿಗೆಯನ್ನು ಎದೆಗೆ ಒತ್ತಿಕೊಂಡ. "ಸಿಟ್ಟು ಹೋಯ್ತಾ?"

"ಇಲ್ಲ. ಹೋಗೋದೂ ಇಲ್ಲ. ಹೇಳೋದಿದ್ರೆ ಹೇಳು, ಹೊತ್ತು ಇಳೀತಿದೆ."

ಹೇಮೊ ಕೊಪ್ಪರಿಗೆಯನ್ನು ನೆಲದ ಮೇಲೆ ಇಟ್ಟ. ಅವಳ ಎರಡೂ ಕೈ ಹಿಡಿದುಕೊಂಡು, ಅದೇ ಮಾತನ್ನು, ಗಂಡ ಅನ್ನುವಲ್ಲಿ ಹೆಂಡತಿ ಎಂದು, ಒಂದಕ್ಷರ ಬಿಡದೆ ಅವಳಿಗೆ ಹೇಳಿದ.