ಸಣ್ಣ ಮಾತುಗಳ ಭಾರ

ಬಾಗಿಲು ತಟ್ಟಿ ಬರುವ ಅಭ್ಯಾಸ ಅವಳಿಗಿರಲಿಲ್ಲ.

"ರೀ ಇಂಜಿನಿಯರ್, ಫೋನ್ ಮಾಡಿದ್ದ ಹುಡುಗಿ ಬಾಯನ್ನ ನಿಮ್ಮ ರೌಟರ್ ಮುಚ್ಚಿಸಿಬಿಡ್ತು! ಸೂಪರ್‌ವೈಸರ್ ಏನು ಮಾಡಿದ ಅಂತ ಹೇಳೋಕೆ ಹೊರಟಿದ್ದಳು. ಲೈನು ಗರಗರ ಅಂತು, ಮುಗೀತು. ಅವಳು ಇನ್ನೊಂದ್ಸಲ ಧೈರ್ಯ ಮಾಡಿ, ಆಗಲೂ ಹೀಗೇ ಆದ್ರೆ?"

ಹೊಲಿಗೆ ಕಾರ್ಖಾನೆಗಳ ಹೆಂಗಸರ ಸಂಘದಲ್ಲಿ ಸಹಾಯವಾಣಿಗೆ ಕೂರುವವಳು ಅವಳು. ಮಾಲೀಕರಿಗೆ ಗೋಡೆಗೋಡೆಗೂ ಕಿವಿ. ಅದಕ್ಕೇ ಎಲ್ಲ ಶಾಖೆಗಳ ಕರೆಗಳೂ ಯಾರೂ ಕದ್ದು ಕೇಳದಂತೆ ಗುಪ್ತಲಿಪಿಯ ಬೀಗ ಜಡಿದ ಟನಲ್‌ನೊಳಗೆ ಹರಿದು ಈ ಕಚೇರಿಗೆ ಬರುತ್ತಿದ್ದವು. ಅದಕ್ಕೆ ರೌಟರ್ ಆರಿಸಿದವನು ಇಂಜಿನಿಯರಾದ ಅವನು. ಸಂಘದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಅವನಿಗೊಬ್ಬನಿಗೇ ಹಾಗೆನ್ನಲು ನಾಲಿಗೆ ಏಳುತ್ತಿರಲಿಲ್ಲ.

"ಟೆಸ್ಟ್ ಮಾಡೇ ತಂದಿದ್ದು ಕಣ್ರೀ. ಎಷ್ಟು ದೊಡ್ಡ ಫೈಲ್ ಕಳಿಸಿದ್ರೂ ಕ್ಷಣದಲ್ಲಿ..."

"ಫೈಲು ಅಳುತ್ತಾ?"

ಆಗಲೇ ಅವನಿಗೆ ಹೊಳೆದದ್ದು. ತಂತಿಯಲ್ಲಿ ಹೋಗುವಾಗ ದೊಡ್ಡ ಫೈಲೆಂದರೆ ಕೆಲವೇ ದಪ್ಪ ಲಕೋಟೆಗಳು. ಮಾತೆಂದರೆ ಲೆಕ್ಕವಿಲ್ಲದಷ್ಟು ಚಿಕ್ಕ ಲಕೋಟೆಗಳು. ಒಂದೊಂದಕ್ಕೂ ರೌಟರ್ ಬೀಗ ಹಾಕಬೇಕು, ತೆಗೆಯಬೇಕು. ದೊಡ್ಡವರ ಮೂಟೆಯನ್ನು ಸಲೀಸಾಗಿ ದಾಟಿಸಿ ಬಡವಿಯ ಪಿಸುಮಾತಿಗೆ ಏದುಸಿರು ಬಿಡುವ ಯಂತ್ರ! ಅಂಥದ್ದನ್ನು ತಾನೇ ತಂದು ಕೂರಿಸಿದ್ದ.

"ತಪ್ಪು ನಂದೇ," ಎಂದ. "ಬೀಗ ಹಾಕೋಕೇ ಬೇರೆ ಚಿಪ್ ಇರೋ ರೌಟರ್ ತರಿಸ್ತೀನಿ. ಈ ಸಲ ಫೈಲ್ ಬೇಡ, ಮನುಷ್ಯರೇ ಮಾತಾಡಲಿ."

ಹೊಸ ರೌಟರ್ ಬಂದ ಭಾನುವಾರ ಬೆಳಿಗ್ಗೆ, ಲೋಡ್ ಬೀಳಲೆಂದು, ಎಲ್ಲ ಶಾಖೆಗಳ ಹೆಂಗಸರೂ ತಮ್ಮ ತಮ್ಮ ಲೈನಿನಲ್ಲಿ ಒಟ್ಟಿಗೆ ಫೋನೆತ್ತಿದರು. ಒಬ್ಬಳು ಅತ್ತೆಯನ್ನು ಬೈದಳು, ಇನ್ನೊಬ್ಬಳು ರಾಗ ತೆಗೆದಳು. ಸಂಘದ ಕಾರ್ಯದರ್ಶಿಯಾದ ಅವಳ ಚಿಕ್ಕಪ್ಪನಂತೂ ಹಳೆಯ ಭಾಷಣವನ್ನೇ ಮೊದಲಿನಿಂದ ಹಿಡಿದ. ಎದುರು ಬೀದಿಯ ಶಾಖೆಯಲ್ಲಿ ಅವಳು, ಕಚೇರಿಯಲ್ಲಿ ಅವನು. ನಡುವೆ ಎರಡು ಕಿಟಕಿ. ಹೋಲಿಸಿ ನೋಡಲು ಮೊದಲು ಹಳೆಯ ರೌಟರ್.

"ಮಾತಾಡ್ತಾನೇ ಇರ್ಬೇಕು," ಎಂದ ಅವನು ಫೋನಿನಲ್ಲಿ.

"ಹಾಗಾದ್ರೆ ನೀವೇ ಶುರು ಮಾಡಿ. ಊಟ ಆಯ್ತಾ, ತಿಂಡಿ ಆಯ್ತಾ ಅನ್ಬೇಡಿ ಮತ್ತೆ."

ಪೆನ್ಸಿಲ್ ಸಿಕ್ಕಿಸಿ ಕೂದಲು ಗಂಟು ಹಾಕುತ್ತಿದ್ದಳು. ಓರೆನೋಟ ಮಾತ್ರ ಈ ಕಡೆಗೇ. ಎಲ್ಲಿಂದಲೋ ಹಾಳು ಧೈರ್ಯ ಬಂತು. "ನಿಮ್ಮನ್ನ ಕಂಡ್ರೆ ನಂಗೆ..." ಎಂದು ಶುರುಮಾಡಿ, ಎದೆಯಲ್ಲಿದ್ದುದನ್ನೆಲ್ಲ ಸುರಿದುಬಿಟ್ಟ.

ಲೈನು ಗರಗರ ಎಂದಿತು.

"ನಂಗೆ... ಅಂದ್ರಿ. ಆಮೇಲೆ ಬರೀ ಚೂರುಪಾರು."

ತಂತಿಗಳನ್ನು ಹೊಸ ರೌಟರ್‌ಗೆ ಸಿಕ್ಕಿಸಿದ. ಮತ್ತೆ ಎಲ್ಲರೂ ಫೋನೆತ್ತಿದರು. ಅಷ್ಟು ಗಲಾಟೆ ಹೊತ್ತೂ ಅದು ದಣಿಯಲಿಲ್ಲ. ಅವಳ ಉಸಿರು ಕೂಡ ಕೇಳಿಸುತ್ತಿತ್ತು.

"ಅದನ್ನೇ ಹೇಳಿ," ಎಂದಳು. "ಎರಡಕ್ಕೂ ಟೆಸ್ಟ್ ಒಂದೇ ಥರ ಇರ್ಬೇಕು ತಾನೇ?"

ಅವನು ಕಿಟಕಿಯತ್ತ ತಿರುಗಿದ. "ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ ಕಣ್ರೀ. ಬೈದು ಹೋದ ದಿನಾನೂ, ಮತ್ತೆ ಬೈಯೋಕಾದ್ರೂ ಬರ್ತೀರೇನೋ ಅಂತ ಕಾಯ್ತಿರ್ತೀನಿ."

ಎದುರು ಕಿಟಕಿಯಲ್ಲಿ ಅವಳ ಕೈ ಕೂದಲಲ್ಲೇ ನಿಂತಿತು.

"ಕೇಳಿಸ್ತಾ?"

"ಒಂದಕ್ಷರಾನೂ ಬಿಟ್ಟುಹೋಗ್ಲಿಲ್ಲ. ಇದೇ ರೌಟರ್ ಇರ್ಲಿ. ಆ ಹುಡುಗಿ ಫೋನ್ ಮಾಡಿದಾಗ ನಂಗೆ ಇದೇ ಬೇಕು."

"ಮತ್ತೆ... ನಾನು?"

ಅವಳು ಕಿಟಕಿಗೆ ಬಂದು, ಓರೆಯಾಗಿ ಅಲ್ಲ, ನೇರವಾಗಿ ನೋಡಿದಳು.

"ಫೋನ್ ಇಡ್ಬೇಡಿ. ಲೋಡ್ ಇನ್ನೂ ಬೇಕು."

"ಏನು ಮಾತಾಡ್ಲಿ?"

"ಯಾವಾಗಿಂದ ಅಂತ ಹೇಳಿ. ಮೊದಲಿಂದ. ನಿಧಾನವಾಗಿ."