ವಜ್ರಳ್ಳಿಯ ಮಣೆ

ಆ ದಿನ ಆದದ್ದನ್ನು ಆದ ಹಾಗೇ ಬರೆಯುತ್ತಿದ್ದೇನೆ. ಕಣ್ಣು ಕಾಣದವರಿಗಾಗಿ ನಾನು ಒಂದು ಕ್ಯಾಮೆರಾ ಮಾಡಿದ್ದೇನೆ. ಎದುರಿನ ವಸ್ತುವಿನ ಉಬ್ಬು, ತಗ್ಗು, ಅಂಚುಗಳನ್ನು ಅಳೆದು, ಗುರುತು ಹಿಡಿದು, ಅದು ಹೆಸರನ್ನು ಗಟ್ಟಿಯಾಗಿ ಹೇಳುತ್ತದೆ. ಕತ್ತಲಲ್ಲೂ ತಪ್ಪುವುದಿಲ್ಲ. ವಸ್ತು ಮರೆಯಾದರೆ ಮಾತ್ರ ಅದರ ಹೆಸರು ಬಿಡುತ್ತದೆ.

ವಜ್ರಳ್ಳಿಯ ಸುಬ್ಬಮ್ಮನಿಗೆ ಕಣ್ಣು ಕಾಣುವುದಿಲ್ಲ. ಕ್ಯಾಮೆರಾ ಕೊಡಲು ಅವರ ಮನೆಗೆ ಹೋದ ದಿನ ಮಹಾಲಯ ಅಮಾವಾಸ್ಯೆ. ತೀರಿಕೊಂಡ ಗಂಡನಿಗೆ ಎಡೆಯಿಟ್ಟು, ಅವರು ಕೂರುತ್ತಿದ್ದ ಮಣೆ ಹಾಕಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ಕ್ಯಾಮೆರಾ ಒಳಗೇ ಮರೆತುಹೋಯಿತು.

"ಮಣೆ. ಲೋಟ. ಮಣೆ. ಲೋಟ," ಎಂದು ಅದು ಒಳಗಿನಿಂದ ಒದರತೊಡಗಿತು. ಸುಬ್ಬಮ್ಮನ ಮಗ ಮನೋಹರ ನಕ್ಕ. ನನಗೆ ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಬರೀ "ಲೋಟ, ಲೋಟ" ಎಂದಿತು. ಮನೋಹರನ ನಗು ನಿಂತಿತು. ಬೆಳಿಗ್ಗೆ ಕ್ಯಾಮೆರಾ ಪರೀಕ್ಷಿಸಲು ಅವನು ಅದೇ ಮಣೆಯ ಮೇಲೆ ಕೂತಾಗಲೂ ಅದು ಹೀಗೇ ಮಣೆಯ ಹೆಸರು ಬಿಟ್ಟಿತ್ತು.

ಬಾಗಿಲು ತೆರೆದೆವು. ಮಣೆ ಖಾಲಿಯಿತ್ತು. ಗಾಳಿಯಾಡದ ಕೋಣೆಯಲ್ಲಿ ಅನ್ನದ ಹಬೆ ಮಾತ್ರ ಮಣೆಯ ಕಡೆಗೆ ಬಾಗುತ್ತಿತ್ತು. ಹತ್ತಿರ ಹಿಡಿದರೂ ಕ್ಯಾಮೆರಾ ಮಣೆಯ ಹೆಸರೆತ್ತಲಿಲ್ಲ.

"ಕೆಟ್ಟೋತೇನೋ," ಎಂದು ಮನೋಹರ ಅಡುಗೆಮನೆಯಿಂದ ಇನ್ನೊಂದು ಮಣೆ ತಂದು ಪಕ್ಕದಲ್ಲಿಟ್ಟ.

"ಮಣೆ," ಎಂದಿತು ತಕ್ಷಣ.

ಅದನ್ನು ತೆಗೆದ. "ಲೋಟ."

ಹೊಸ್ತಿಲ ಬಳಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಸುಬ್ಬಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡರು.

"ಬಾಗ್ಲು ಹಾಕು ತಂಗಿ," ಎಂದು ನನಗೆ ಹೇಳಿದರು. "ಅವರದ್ದು ಊಟ ಇನ್ನೂ ಆಗ್ಲಿಲ್ಲ."