ಐದು ನಿಮಿಷಕ್ಕೊಮ್ಮೆ

"ಮುಟ್ಬೇಡಿ!"

ಸುಮನಾಳ ದನಿ ಅವಳಿಗೇ ಜೋರಾಗಿ ಕೇಳಿಸಿತು. ತರೀಕೆರೆ ಬಸ್ ನಿಲ್ದಾಣದ ಎದುರಿನ ಪುಟ್ಟ ರಿಪೇರಿ ಅಂಗಡಿ ಅದು. ಅವಳ ಲ್ಯಾಪ್‌ಟಾಪನ್ನು ಒಳಗೆ ಒಯ್ಯಲು ಹೊರಟಿದ್ದ ಯುವಕ ಬೆಚ್ಚಿ ಕೈ ಹಿಂದೆಗೆದ.

"ಮುಟ್ದೆ ರಿಪೇರಿ ಮಾಡೋ ವಿದ್ಯೆ ನಂಗಿನ್ನೂ ಬಂದಿಲ್ಲ ಮೇಡಂ."

"ಅದಲ್ಲ... ಏನ್ ಮಾಡಿದ್ರೂ ನನ್ ಕಣ್ಮುಂದೇನೇ ಮಾಡಿ. ಬಿಟ್ಟು ಹೋಗಲ್ಲ ನಾನು."

ಅವನು ನಗಲಿಲ್ಲ. ಯಾಕೆಂದೂ ಕೇಳಲಿಲ್ಲ. ಸ್ಟೂಲೊಂದನ್ನು ಬಟ್ಟೆಯಿಂದ ಒರೆಸಿ ತನ್ನ ಪಕ್ಕಕ್ಕೆ ಎಳೆದಿಟ್ಟ.

"ಕುಂತ್ಕಳಿ. ಬಿಚ್ಚಿದ ಸ್ಕ್ರೂ ಎಲ್ಲಾ ನಿಮ್ ಕೈಲೇ ಇರ್ಲಿ."

ಅವನ ಹೆಸರು ಕಾಂತರಾಜ್.

ಸುಮನಾಳ ಹೆದರಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ರವಿಕುಮಾರ ಎಂಬವನೊಂದಿಗೆ ಅವಳ ನಿಶ್ಚಿತಾರ್ಥವಾಗಿತ್ತು. ಅವಳು ಎಲ್ಲಿ ಇಳಿದಳು, ಯಾರಿಗೆ ಫೋನು ಮಾಡಿದಳು, ಎಲ್ಲವೂ ಅವನಿಗೆ ಹೇಗೋ ತಿಳಿಯುತ್ತಿತ್ತು. ಕೊನೆಗೊಂದು ದಿನ ತನ್ನ ಫೋನಿನೊಳಗೆ ಅವನು ಅಡಗಿಸಿಟ್ಟ ಆ್ಯಪ್ ಅವಳ ಕಣ್ಣಿಗೆ ಬಿತ್ತು. ಕೇಳಿದರೆ, "ನಿನ್ ಮೇಲಿನ ಪ್ರೀತಿಗೆ ಕಣೇ," ಎಂದಿದ್ದ!

ಸಂಬಂಧ ಮುರಿಯಿತು. ಹೆದರಿಕೆ ಮಾತ್ರ ಉಳಿಯಿತು. ಇಂದಿಗೂ ಅವಳು ಫೋನನ್ನು ಕವುಚಿಟ್ಟೇ ಮಲಗುತ್ತಿದ್ದಳು.

ಅಜ್ಜಂಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ ಅವಳು. ಅಂತರಘಟ್ಟೆ ಸುತ್ತಿನ ಬೋರ್‌ವೆಲ್ ನೀರಿನ ಬಗ್ಗೆ ಮೂರು ವರ್ಷದ ಸಂಶೋಧನೆ ಆ ಲ್ಯಾಪ್‌ಟಾಪಿನಲ್ಲಿತ್ತು. ಲೆಕ್ಕ ಓಡಿಸಲು ಕುಳಿತರೆ ಯಂತ್ರ ಕಾದ ಹೆಂಚಿನಂತಾಗಿ ತಟ್ಟನೆ ಆರಿಹೋಗುತ್ತಿತ್ತು.

"ಫ್ಯಾನ್ ಕೆಟ್ಟಿಲ್ಲ ಮೇಡಂ, ಸೋಮಾರಿ ಆಗೈತೆ," ಎಂದ ಕಾಂತರಾಜ್. "ಪೂರಾ ಕಾಯೋವರ್ಗೂ ಜೋರಾಗಿ ತಿರುಗ್ಬೇಡ ಅಂತ ಮಿಷಿನ್ ಮಾಡಿದೋರೇ ಹೇಳಿಟ್ಟವ್ರೆ. ಇದ್ರಲ್ಲಿರೋ ಸಾಫ್ಟ್‌ವೇರ್ ತೆಗ್ದು ಲಿನಕ್ಸ್ ಅನ್ನೋದನ್ನ ಹಾಕಣ. ಆಗ ಫ್ಯಾನಿನ ಲಗಾಮು ನಮ್ ಕೈಲಿರ್ತದೆ. ಐವತ್ತೈದು ಡಿಗ್ರಿಗೆ ನಿಧಾನ, ಎಪ್ಪತ್ತಕ್ಕೆ ಪೂರ್ತಿ ಜೋರು... ನಾವು ಬರ್ದಂಗೆ ಕೇಳ್ತದೆ."

"ಅದರೊಳಗೆ ಇನ್ನೇನಾದ್ರೂ ಇದ್ರೆ?"

"ಇದ್ರಲ್ಲಿ ಗುಟ್ಟೇ ಇಲ್ಲ. ಪ್ರತಿ ಸಾಲೂ ಬಿಚ್ಚಿಟ್ಟವ್ರೆ. ಯಾರ್ ಬೇಕಾದ್ರೂ ಓದ್ಬೋದು, ತಿದ್ಬೋದು."

ಗುಟ್ಟೇ ಇಲ್ಲ! ಆ ಮಾತು ಅವಳ ಎದೆಯೊಳಗೆ ತಣ್ಣಗೆ ಇಳಿಯಿತು.

ಮೂರನೇ ಸಲ ಅಂಗಡಿಗೆ ಹೋದಾಗ ಸುಮನಾ ಎದ್ದು ಕಾಫಿ ಕುಡಿಯಲು ಹೋದಳು. ಲ್ಯಾಪ್‌ಟಾಪನ್ನು ಅವನ ಬಳಿಯೇ ಬಿಟ್ಟು! ಹೋಟೆಲಿನಲ್ಲಿ ಕುಳಿತ ಮೇಲೆ ಅದು ಅವಳ ಅರಿವಿಗೆ ಬಂತು. ಎದ್ದು ಓಡಬೇಕೆನಿಸಿತು. ಆದರೂ ಓಡಲಿಲ್ಲ. ಲೋಟ ಖಾಲಿಯಾಗುವವರೆಗೂ ಕುಳಿತಳು. ಅಂದು ಆಗಸ್ಟ್ ಒಂಬತ್ತು. ಆ ದಿನಾಂಕವನ್ನು ಅವಳು ಡೈರಿಯಲ್ಲಿ ಬರೆದುಕೊಂಡಳು.

ಅಂಗಡಿಯ ಪರಿಚಯ ಸ್ನೇಹವಾಗಿ ಬೆಳೆಯಿತು. ಎಂಟು ತಿಂಗಳ ನಂತರ ಅವನು ತಲೆ ತಗ್ಗಿಸಿಕೊಂಡೇ ಕೇಳಿದ. "ಭಾನುವಾರ ನಮ್ಮನೆಯೋರ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ?"

ಅವಳು ಹೂಂ ಎಂಬಂತೆ ತಲೆಯಾಡಿಸಿದ್ದಳು.

ಆ ಭಾನುವಾರಕ್ಕೆ ಇನ್ನೆರಡೇ ದಿನವಿತ್ತು. ಶುಕ್ರವಾರ ಬೆಳಿಗ್ಗೆ ಇಂಟರ್ನೆಟ್ ತೀರ ನಿಧಾನವಾಯಿತೆಂದು, ಯಾವ ಯಾವ ಪ್ರೋಗ್ರಾಂ ತಾನಾಗಿ ಓಡುತ್ತಿದೆ ಎಂಬ ಪಟ್ಟಿಯನ್ನು ಸುಮನಾ ತೆರೆದಳು.

ಒಂದು ಸಾಲಿನ ಮೇಲೆ ಅವಳ ಕಣ್ಣು ನಿಂತುಬಿಟ್ಟಿತು.

ಐದು ನಿಮಿಷಕ್ಕೊಮ್ಮೆ ಅವಳ ಲ್ಯಾಪ್‌ಟಾಪಿನಿಂದ ಏನೋ ಹೊರಗೆ ಹೋಗುತ್ತಿತ್ತು. ಹೋಗುತ್ತಿದ್ದ ವಿಳಾಸದಲ್ಲಿ ಕಾಂತರಾಜನ ಹೆಸರಿತ್ತು.

ಪರದೆಯ ಮೇಲಿನ ಪುಟ್ಟ ಕ್ಯಾಮೆರಾ ಕಣ್ಣು ತನ್ನನ್ನೇ ನೋಡುತ್ತಿದೆ ಎನಿಸಿತು. ಹಣೆಯ ಸ್ಟಿಕ್ಕರ್ ಬಿಂದಿಯನ್ನೇ ಕಿತ್ತು ಅದರ ಮೇಲೆ ಅಂಟಿಸಿದಳು. ಈ ಕೋಣೆಯಲ್ಲಿ ಅವಳು ಬಟ್ಟೆ ಬದಲಿಸುತ್ತಾಳೆ... ಅಳುತ್ತಾಳೆ... ಒಬ್ಬಳೇ ಮಾತಾಡಿಕೊಳ್ಳುತ್ತಾಳೆ...

ಆ ಪ್ರೋಗ್ರಾಂನ ಕಡತ ಹುಟ್ಟಿದ ದಿನಾಂಕ ನೋಡಿದಳು. ಆಗಸ್ಟ್ ಒಂಬತ್ತು!

ಅವಳು ಅವನನ್ನು ನಂಬಿ ಎದ್ದುಹೋದ ದಿನ.

ಬಾಗಿಲಲ್ಲಿ ಅತ್ತಿಗೆ ಕೋಮಲಾ ನಿಂತಿದ್ದಳು. "ಏನೇ ಇದು, ಮದುವಣಗಿತ್ತಿ ಆಗೋಳು ಹಣೆ ಬೋಳು ಮಾಡ್ಕೊಂಡು ಕುಂತಿದೀಯ?" ಎಂದವಳು, ನಾದಿನಿಯ ಮುಖ ಕಂಡು ಹತ್ತಿರ ಬಂದಳು. ಸುಮನಾ ಪರದೆ ತೋರಿಸಿದಳು.

ಕೋಮಲಾಳ ಮುಖ ಗಟ್ಟಿಯಾಯಿತು. "ಬರೋದು ಬ್ಯಾಡ ಅಂತ ಈಗ್ಲೇ ನಿಮ್ಮಣ್ಣನ ಕೈಲಿ ಫೋನ್ ಮಾಡಿಸ್ಲಾ?"

"ತಡಿ ಅತ್ತಿಗೆ. ಮೊದ್ಲು ಓದ್ತೀನಿ."

ಹತ್ತೊಂಬತ್ತು ಸಾಲು. ಪ್ರಯೋಗಾಲಯದಲ್ಲಿ ಹನಿ ಹನಿ ಎಣಿಸುವಂತೆ ಅವಳು ಒಂದೊಂದೇ ಸಾಲು ಓದಿದಳು. ತಾಪಮಾನವನ್ನು ಓದು. ಫ್ಯಾನಿನ ವೇಗವನ್ನು ಓದು. ಎರಡನ್ನೂ ಕಳಿಸು. ಅಷ್ಟೇ. ಕ್ಯಾಮೆರಾ ಇರಲಿಲ್ಲ, ಮೈಕ್ ಇರಲಿಲ್ಲ, ಅವಳ ಕಡತಗಳ ಹೆಸರೂ ಇರಲಿಲ್ಲ.

ಉಸಿರು ಬಂತು. ಆದರೆ ಸಮಾಧಾನ ಬರಲಿಲ್ಲ. ಅವಳು ಡೇಟಾ ಓದುವವಳು. ತಾಪಮಾನದ ಸಾಲು ಕೈಯಲ್ಲಿದ್ದರೆ ಅವಳು ಯಾವಾಗ ಕೆಲಸಕ್ಕೆ ಕೂತಳು, ಯಾವಾಗ ಎದ್ದಳು, ಯಾವ ದಿನ ನಿದ್ದೆ ಬರದೆ ಒದ್ದಾಡಿದಳು, ಎಲ್ಲವನ್ನೂ ಹೇಳಬಹುದು!

'ಇವನೂ ಹಾಗೇನಾ? ನಾನು ಇನ್ನೊಂದ್ಸಲ ಅದೇ ಗುಂಡಿಗೆ ಬಿದ್ದೆನಾ?'

ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಹನ್ನೊಂದರ ಬಸ್ಸಿಗೆ ತರೀಕೆರೆಯ ಟಿಕೆಟ್ ತೆಗೆದುಕೊಂಡಳು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಅರಳಿದ ಮುಖ ಅವಳ ಮೊದಲ ಮಾತಿಗೇ ಬಾಡಿತು.

"ಮಂಗಳವಾರ ನಾನು ಎಷ್ಟೊತ್ತಿಗೆ ಎದ್ದೆ? ನೋಡಿ ಹೇಳಿ."

"ಸುಮನಾ ಅವ್ರೆ..."

"ಹೇಳಿ ರೀ!"

ಕಾಂತರಾಜನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿನ ಮೇಲೆ ಬಿತ್ತು. "ಅದು... ಬಿಸಿ ನೋಡಕ್ಕೆ ಅಂತ ಹಾಕಿದ್ದು. ಅದ್ರಿಂದ ಇಷ್ಟೆಲ್ಲಾ ತಿಳೀತದೆ ಅಂತ ದೇವ್ರಾಣೆ ಹೊಳೀಲಿಲ್ಲ."

"ನಾನು ಎದ್ದೋದ ತಕ್ಷಣ ಹಾಕಿದ್ರಿ. ನಾನು ಕೂತಿದ್ದಾಗ ಯಾಕೆ ಹಾಕ್ಲಿಲ್ಲ?"

ಅವನ ಮಾತು ತಡವರಿಸುತ್ತ ಬಂತು.

"ಕಡೂರಲ್ಲಿ ಮಂಜಪ್ಪ ಮೇಷ್ಟ್ರು ಅಂತವ್ರೆ. ಅವ್ರ ಲ್ಯಾಪ್‌ಟಾಪಿಗೂ ಹಿಂಗೇ ಫ್ಯಾನಿನ ಲಗಾಮು ನಾನೇ ತಗಂಡಿದ್ದೆ. ಎರಡು ವರ್ಷದ ಹಿಂದೆ ಒಂದಿನ ಆ ಪ್ರೋಗ್ರಾಂ ನಿಂತೋಯ್ತು. ಅದು ನಿಂತ್ರೆ ಫ್ಯಾನೂ ಹಂಗೇ ನಿಂತಿರ್ತದೆ, ಅದ್ಕೆ ಹೇಳೋರು ಯಾರೂ ಇಲ್ವಲ್ಲ. ಬ್ಯಾಟರಿ ಉಬ್ಬಿ ಬೆಂಕಿ ಕಾಣಿಸ್ಕೊಂತು. ಆರಿಸಕ್ಕೆ ಹೋಗಿ ಮೇಷ್ಟ್ರ ಬಲಗೈ ಸುಟ್ಟೋಯ್ತು... ಈಗ ಎಡಗೈಲಿ ಸಹಿ ಹಾಕ್ತಾರೆ."

ಸುಮನಾ ಸ್ಟೂಲಿನ ಮೇಲೆ ಕುಳಿತಳು.

"ಆಮೇಲಿಂದ ನಾನು ಫ್ಯಾನ್ ಮುಟ್ಟಿದ ಎಲ್ಲಾ ಮಿಷಿನ್ನಿಗೂ ಅದನ್ನ ಹಾಕ್ತೀನಿ. ಬಿಸಿ ಮಿತಿ ಮೀರಿದ್ರೆ ನಮ್ಮನೇಲಿ ಅಲಾರಂ ಹೊಡ್ಕೊಂತದೆ. ಬೆಂಕಿ ಅಂದ್ರೆ ಹೆದ್ರಿ ಓಡೋಗ್ತಾರೆ ಅಂತ ಯಾರ್ಗೂ ಹೇಳ್ಲಿಲ್ಲ. ನೀವಂತೂ ಮೊದ್ಲೇ ಹೆದರ್ತಿದ್ರಿ."

"ಎಷ್ಟು ಜನ?"

"ನಿಮ್ಮನ್ನ ಬಿಟ್ಟು ಹನ್ನೊಂದು. ಅವ್ರದ್ದು ಬಿಸಿ ಜಾಸ್ತಿಯಾದ್ರೆ ಮಾತ್ರ ನೋಡ್ತೀನಿ. ನಿಮ್ದು..." ಅವನು ತಲೆ ತಗ್ಗಿಸಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಿಮ್ದು ದಿನಾ ನೋಡ್ತಿದ್ದೆ. ಯಾಕಂದ್ರೆ ನಂಗೆ ನಿಮ್ ಮ್ಯಾಲೆ..."

"ಆ ಮಾತು ಆಡ್ಬೇಡಿ!" ಸುಮನಾಳ ಕಣ್ಣು ತುಂಬಿತು. "ಅದನ್ನೇ ಅವನೂ ಹೇಳಿದ್ದ."

ಅವನು ಮತ್ತೆ ಆ ಮಾತು ಎತ್ತಲಿಲ್ಲ.

"ಅಪಾಯ ನಂದು," ಎಂದಳು ಅವಳು. "ಅಲಾರಂ ನಿಮ್ ಮನೇಲಿ ಯಾಕೆ ಹೊಡ್ಕೋಬೇಕು? ನನ್ನ ಮಿಷಿನ್ನಲ್ಲೇ ಹೊಡ್ಕೊಂಡಿದ್ರೆ ನಾನೇ ಆರಿಸ್ತಿದ್ನಲ್ಲ? ಆ ಹನ್ನೊಂದು ಜನಾನೂ ಆರಿಸ್ತಿದ್ರಲ್ಲ?"

ಕಾಂತರಾಜ್ ಅವಳನ್ನೇ ನೋಡಿದ. ಎರಡು ವರ್ಷ ಹೊತ್ತ ಭಾರ ಇಳಿಸಲು ಜಾಗ ಯಾರೋ ತೋರಿಸಿದಂತಿತ್ತು ಅವನ ಮುಖ. ಫೋನು ಕೈಗೆತ್ತಿಕೊಂಡ.

"ಆ ಹನ್ನೊಂದು ಜನಕ್ಕೂ ಈಗ್ಲೇ ಹೇಳ್ತೀನಿ. ನೀವು ಹೊರಡ್ಬೋದು. ಭಾನುವಾರದ್ದೂ ಮನಸ್ಸಲ್ಲಿ ಇಟ್ಕೋಬೇಡಿ. ಇದು ಅದಕ್ಕಲ್ಲ."

ಸುಮನಾ ಹೊರಡಲಿಲ್ಲ.

ಮೊದಲ ಕರೆ ಕೊಬ್ಬರಿ ವ್ಯಾಪಾರಿ ಚೌಡಪ್ಪನಿಗೆ. ಅವನ ದನಿ ಅಂಗಡಿ ತುಂಬ ಕೇಳಿಸಿತು. "ಏನಪ್ಪಾ, ನನ್ ಕಂಪ್ಯೂಟರ್ ಜ್ವರ ನೋಡಕ್ಕೆ ನೀನೇನು ಡಾಕ್ಟ್ರಾ? ನಮ್ಮೋಳ್ಗೂ ಹೇಳಿರ್ಲಿಲ್ಲ ನಾನು, ಇಸ್ಪೀಟು ಆಡದು ನಿಂಗೆ ಗೊತ್ತಾಗ್ತಿತ್ತಾ?"

"ಆಟ ಗೊತ್ತಾಗಲ್ಲ ಚೌಡಪ್ಪಣ್ಣ. ಬಿಸಿ ಮಾತ್ರ. ಆದ್ರೂ ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು."

ಎರಡನೆಯವರು ಬೈದರು. ಮೂರನೆಯವರು ಪೊಲೀಸರ ಮಾತೆತ್ತಿದರು. ಐದನೆಯ ಕರೆಯ ಹೆಂಗಸು ಏನೂ ಅನ್ನದೆ ಕರೆ ಕತ್ತರಿಸಿದಾಗ ಅವನ ಹಣೆಯ ಮೇಲೆ ಬೆವರೊಡೆಯಿತು. ಆದರೂ ಪ್ರತಿಯೊಬ್ಬರಿಗೂ ಬೆಂಕಿಯ ವಿಷಯವನ್ನೂ ಹೇಳಿದ, ಮಂಜಪ್ಪ ಮೇಷ್ಟ್ರ ಕೈಯ ವಿಷಯವನ್ನೂ ಹೇಳಿದ. ಒಂದನ್ನೂ ಮುಚ್ಚಲಿಲ್ಲ. ಅಂದು ಹನ್ನೊಂದು ಮನೆಗಳಲ್ಲಿ ಅವನ ಹೆಸರು ಕೆಡಲಿತ್ತು.

ರವಿಕುಮಾರ ಒಮ್ಮೆಯಾದರೂ ತಪ್ಪೆಂದು ಒಪ್ಪಿಕೊಂಡಿದ್ದನೇ? ಸುಮನಾ ನೆನಪಿಸಿಕೊಳ್ಳಲು ಯತ್ನಿಸಿದಳು. ಇಲ್ಲ. ಕೊನೆಯವರೆಗೂ ಅವಳೇ ತಪ್ಪಿತಸ್ಥೆಯಾಗಿದ್ದಳು.

ಹನ್ನೊಂದನೇ ಕರೆ ಮುಗಿಯಿತು. ಅವನು ಫೋನಿನಲ್ಲಿ ಇನ್ನೊಂದು ಹೆಸರು ಹುಡುಕಿ ಒತ್ತಿದ.

ಅವಳ ಬ್ಯಾಗಿನೊಳಗೆ ಫೋನು ಹೊಡೆದುಕೊಂಡಿತು.

ಇಬ್ಬರ ನಡುವೆ ಒಂದು ಮೇಜಿನಷ್ಟೇ ಅಂತರ. ಆದರೂ ಅವನು ತಲೆ ಎತ್ತಲಿಲ್ಲ. ಸುಮನಾ ಫೋನನ್ನು ಕಿವಿಗಿಟ್ಟಳು.

"ಹಲೋ... ಸುಮನಾ ಅವ್ರಾ? ನಾನು ತರೀಕೆರೆಯಿಂದ ಕಾಂತರಾಜ್."

"ಹೇಳಿ."

"ನಿಮ್ಮನ್ನ ಕೇಳ್ದೆ ನಿಮ್ಮ ಲ್ಯಾಪ್‌ಟಾಪಲ್ಲಿ ಒಂದು ಪ್ರೋಗ್ರಾಂ ಹಾಕಿದ್ದೆ. ತಪ್ಪಾಯ್ತು. ನನ್ ಹೆದರಿಕೇನ ನಿಮಗ್ ಹೇಳೋ ಧೈರ್ಯ ಇರ್ಲಿಲ್ಲ. ತೆಗೀಲಾ?"

"ಬೇಡ. ನಾನೇ ತೆಗೀತೀನಿ. ನೀವು ಪಕ್ಕದಲ್ಲಿ ಕೂತು ನೋಡಿ."

"ಸರಿ... ಇನ್ನೇನಾದ್ರೂ ಕೇಳೋದಿದ್ಯಾ?"

"ಇದೆ. ಭಾನುವಾರ ಎಷ್ಟು ಜನ ಬರ್ತೀರ? ಅತ್ತಿಗೆ ಕೇಳ್ತಾರೆ."

ಅವನು ತಟ್ಟನೆ ತಲೆ ಎತ್ತಿದ. ಫೋನು ಕಿವಿಯಲ್ಲೇ ಇತ್ತು. "ಹೆದರಿಕೆ ಹೋಯ್ತಾ ಸುಮನಾ?"

"ಇಲ್ಲ ರೀ. ಹಂಗೇ ಇದೆ. ಆದ್ರೂ ಬನ್ನಿ."

"ನಂಗೂ ಕೈಕಾಲು ನಡುಗ್ತಾವೆ."

"ಗೊತ್ತು," ಎಂದಳು ಸುಮನಾ, ಫೋನು ಕೆಳಗಿಟ್ಟು ಅವನ ಬೆವೆತ ಕೈಯ ಮೇಲೆ ಮೊದಲ ಬಾರಿಗೆ ತನ್ನ ಕೈಯಿಟ್ಟು. "ಮುಟ್ಟಿದ್ರೆ ತಿಳೀತದೆ."